ಮೂಡಿಗೆರೆ ಜಿಪ್ಸಿಯ ಪುಣೆ ಲೆಕ್ಕ

ಕೋಥ್ರೂಡಿನ ನಮ್ಮ ಮನೆಯ ಬಾಲ್ಕನಿಯಿಂದ ಕಾಣುವ ಗುಡ್ಡದ ಹೆಸರು ವೇತಾಳ ಟೇಕಡಿ. ಆದರೆ ಬೆಳಗಿನ ವಾಕಿಂಗಿನವರಲ್ಲಿ ಹೆಚ್ಚಿನವರು ಅದನ್ನು ಕರೆಯುವುದು ‘ಎಆರ್‌ಎಐ ಟೇಕಡಿ’ ಎಂದು. 1966ರಲ್ಲಿ ಶುರುವಾದ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಅಲ್ಲೇ ಇದೆ. ಕಾರಿನ ಜಾಹೀರಾತಿನ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಎಆರ್‌ಎಐ ಮೈಲೇಜ್’ ಎಂದು ಬರೆದಿರುತ್ತದಲ್ಲ, ಆ ಹೆಸರಿನ ಮೂಲ ನಮ್ಮ ಈ ಗುಡ್ಡ. ನವಿಲು ಕೂಗುತ್ತಿರುತ್ತವೆ, ನಾಯಿ ಹಿಡಿದವರು ಅಡ್ಡಾಡುತ್ತಿರುತ್ತಾರೆ, ಗೋಡೆಯ ಆಚೆ ಯಾವುದೋ ಎಂಜಿನ್ ಒಂದೇ ಸಮ ಮೊರೆಯುತ್ತಿರುತ್ತದೆ.

ಆ ಅಂಕಿ ಹುಟ್ಟುವ ಬಗೆ ಸ್ವಾರಸ್ಯವಾಗಿದೆ. ಕಾರನ್ನು ರಸ್ತೆಗೆ ಒಯ್ಯುವುದಿಲ್ಲ. ರೋಲರುಗಳ ಮೇಲೆ ನಿಲ್ಲಿಸಿ, ಚಾಲಕನ ಎದುರಿನ ಪರದೆಯಲ್ಲಿ ಒಂದು ಗೆರೆ ಓಡಿಸುತ್ತಾರೆ. ಗೆರೆ ಏರಿದಂತೆ ವೇಗ ಏರಿಸಬೇಕು, ಇಳಿದಂತೆ ಇಳಿಸಬೇಕು. ಸುಮಾರು 20 ನಿಮಿಷದ ಆಟ, ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಟ್ಯಾಂಕಿನಲ್ಲಿ ಎಷ್ಟು ಖಾಲಿಯಾಯಿತು ಎಂದೂ ನೋಡುವುದಿಲ್ಲ. ಸೈಲೆನ್ಸರಿನಿಂದ ಹೊರಬಂದ ಹೊಗೆಯನ್ನು ಹಿಡಿದು, ಅದರಲ್ಲಿರುವ ಇಂಗಾಲವನ್ನು ಅಳೆದು, ಇಷ್ಟು ಇಂಗಾಲ ಹೊರಬರಬೇಕಾದರೆ ಇಷ್ಟು ಪೆಟ್ರೋಲ್ ಒಳಗೆ ಹೋಗಿರಬೇಕು ಎಂದು ಹಿಂದುಮುಂದಾಗಿ ಲೆಕ್ಕ ಹಾಕುತ್ತಾರೆ. ನಾನು ಹೊಟ್ಟೆಪಾಡಿಗೆ ಮಾಡುವುದು ಲೆಕ್ಕ ಪರಿಶೋಧನೆ. ಖರ್ಚಿನಿಂದ ಆದಾಯ ಪತ್ತೆಹಚ್ಚುವ ಈ ಪದ್ಧತಿ ನನಗೆ ಬಹಳ ಹಿಡಿಸಿತು. ಆದರೆ ಆ ಕೋಣೆಯಲ್ಲಿ ಗುಂಡಿಯಿಲ್ಲ, ಎಡದಿಂದ ನುಗ್ಗುವ ಸ್ಕೂಟರಿಲ್ಲ, ಚಾಂದನಿ ಚೌಕವೂ ಇಲ್ಲ. ಮುಖ್ಯವಾಗಿ ನನ್ನ ಭಾಮೈದ ಇಲ್ಲ.

ಭಾಮೈದ ಹಿಂಜವಡಿಯಲ್ಲಿ ಸಾಫ್ಟ್‌ವೇರಿನವನು, ಮನೆ ವಾಕಡಿನಲ್ಲಿ. ಅವನ ಹತ್ತಿರ ಇರುವುದು ಮಾವನವರ ಜಿಪ್ಸಿ. 2010ರ ಅಕ್ಟೋಬರಿನಲ್ಲಿ ಚಿಕ್ಕಮಗಳೂರಿನಲ್ಲಿ ನೋಂದಣಿಯಾದದ್ದು, ಕೆಎ-18. 1,298 ಸಿಸಿ ಪೆಟ್ರೋಲ್ ಎಂಜಿನ್, 40 ಲೀಟರ್ ಟ್ಯಾಂಕ್. ಮಲೆನಾಡಿನ ಕಡೆಯವರಿಗೆ ಜಿಪ್ಸಿಯ ಬಗ್ಗೆ ಹೇಳುವುದೇನೂ ಬೇಡ. ತೋಟದೊಳಗೆ ಗೊಬ್ಬರದ ಚೀಲ, ಆಳುಗಳ ಬುತ್ತಿ, ಹೆರಿಗೆಯ ಹೆಂಗಸು, ಮದುವೆಯ ಹೆಣ್ಣು, ಎಲ್ಲವನ್ನೂ ಹೊತ್ತ ಗಾಡಿ ಅದು. ಮಾವ ತೀರಿಕೊಂಡ ಮೇಲೆ ವರ್ಷಕ್ಕೂ ಮಿಕ್ಕಿ ಕಾಫಿ ಕಣದ ಪಕ್ಕ ಟಾರ್ಪಾಲು ಹೊದ್ದು ನಿಂತಿತ್ತು. 2025ರ ಜನವರಿಯಲ್ಲಿ ಭಾಮೈದ ಅದನ್ನು ಓಡಿಸಿಕೊಂಡು ಪುಣೆಗೆ ತಂದ.

ತಂದವನು ಸುಮ್ಮನಿರಲಿಲ್ಲ. ಸಸ್ಪೆನ್ಷನ್ ಎರಡು ಇಂಚು ಎತ್ತರವಾಯಿತು. 205/70 ಟೈರುಗಳು ಹೋಗಿ 235/75ರ ಮಡ್ ಟೈರುಗಳು ಬಂದವು. ಮುಂದೆ ಕಬ್ಬಿಣದ ಬಂಪರ್, ಮೇಲೆ ಕ್ಯಾರಿಯರ್, ಕ್ಯಾರಿಯರಿನ ಮೇಲೆ ಹಸಿರು ಜೆರಿಕ್ಯಾನು. ಶನಿವಾರ ಬಂತೆಂದರೆ ಮುಳಶಿ ಕೆರೆಯ ಹಿನ್ನೀರಿನ ಕೆಸರು, ತಾಮ್ಹಿಣಿ ಘಾಟಿನ ಮಳೆ. ಪುಣೆಯಲ್ಲಿ ಈ ಹುಚ್ಚಿನವರು ಬಹಳ. ಸೇನೆಯ ದಕ್ಷಿಣ ಕಮಾಂಡಿನ ಊರು ಇದು, ಖಡ್ಕಿಯಲ್ಲಿ ಸೇನೆಯ ದೊಡ್ಡ ವರ್ಕ್‌ಶಾಪಿದೆ, ದೇಹೂ ರೋಡಿನಲ್ಲಿ ದಂಡು. ಹಾಗಾಗಿ ಇಲ್ಲಿನ ಮೆಕ್ಯಾನಿಕ್ಕುಗಳಿಗೆ ಜಿಪ್ಸಿ ಎಂದರೆ ಮನೆಯ ಮಗುವಿನ ಹಾಗೆ.

ಜುಲೈ ಹೊತ್ತಿಗೆ ಹುಚ್ಚು ಇಳಿಯತೊಡಗಿತು. ಕಾರಣ ಪೆಟ್ರೋಲ್. “ಭಾವ, ಲೀಟರಿಗೆ ಆರು ಕೊಡ್ತಿದೆ. ವಾಕಡಿಂದ ನಿಮ್ಮನೆಗೆ ಬಂದು ಹೋಗೋ ದುಡ್ಡಲ್ಲಿ ವೈಶಾಲಿಲಿ ಇಬ್ಬರು ತಿಂಡಿ ತಿನ್ಬಹುದು ಮಾರಾಯ್ರೆ” ಎಂದ. ಅದರ ಮೇಲೆ ಕಾಗದದ ಕೆಲಸ ಬೇರೆ. ಅಕ್ಟೋಬರಿಗೆ ಗಾಡಿಗೆ 15 ವರ್ಷ ತುಂಬುತ್ತದೆ. ನೋಂದಣಿ ನವೀಕರಿಸಬೇಕಾದರೆ ಗಾಡಿಯನ್ನು ತೋರಿಸಿ ಪಾಸು ಮಾಡಿಸಿಕೊಳ್ಳಬೇಕು. ಬೇರೆ ರಾಜ್ಯದ ಗಾಡಿ 12 ತಿಂಗಳು ಮೀರಿ ಇಲ್ಲಿದ್ದರೆ ಇಲ್ಲಿನ ನಂಬರು ಮಾಡಿಸಬೇಕು. ಅದಕ್ಕೆ ಚಿಕ್ಕಮಗಳೂರಿನಿಂದ ಎನ್‌ಒಸಿ, ಇಲ್ಲಿ ತೆರಿಗೆ. ಕೆಎ ನಂಬರು ಇಟ್ಟುಕೊಂಡು ಮುಂಬಯಿ, ಪುಣೆಯಲ್ಲಿ ಓಡಾಡಿದವರಿಗೆ, ಹಾಗೆಯೇ ಎಂಎಚ್ ನಂಬರಿನಲ್ಲಿ ಬೆಂಗಳೂರಿಗೆ ಹೋದವರಿಗೆ ಈ ಪುರಾಣ ಬಾಯಿಪಾಠ. ಆರು ಕೊಡುವ ಗಾಡಿಗೆ ಇಷ್ಟೆಲ್ಲ ಸುರಿಯುವುದು ಯಾಕೆ, ಮಾರಿಬಿಡೋಣ ಎಂದು ಅವನ ಹೆಂಡತಿ ಹೇಳಿದಳು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅತ್ತೆಗೆ ಫೋನ್ ಮಾಡಿದರೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊಡೋದಾದ್ರೆ ಕೊಡಿ. ಕೊಟ್ಟ ಮೇಲೆ ನಂಗೆ ಹೇಳ್ಬೇಡಿ” ಎಂದರು.

ಆ ಮಾತು ಕೇಳಿದ ಮೇಲೆ ನಾನು ನಡುವೆ ಬಾಯಿ ಹಾಕಿದೆ. ಮಾರುವುದಾದರೆ ಮಾರೋಣ, ಆದರೆ ಆರು ಎಂಬ ಅಂಕಿ ಎಲ್ಲಿಂದ ಬಂತು ತೋರಿಸು ಎಂದೆ. ಅವನು ಮೀಟರ್ ತೋರಿಸಿದ.

ಮೀಟರೇ ಮೊದಲ ಸುಳ್ಳು. ಗಾಡಿಯ ಮೀಟರಿಗೆ ಕಿಲೋಮೀಟರು ಗೊತ್ತಿಲ್ಲ, ಗಾಲಿ ಎಷ್ಟು ಸುತ್ತು ಸುತ್ತಿತು ಎಂದಷ್ಟೇ ಗೊತ್ತು. 205/70ರ ಟೈರಿನ ಎತ್ತರ 668 ಮಿಲಿಮೀಟರ್. ಇದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು: 205ರ ಶೇ. 70ನ್ನು ಇಮ್ಮಡಿ ಮಾಡಿ 15 ಇಂಚಿನ ರಿಮ್ಮಿಗೆ ಕೂಡಿಸಿ. 235/75ಕ್ಕೆ ಹಾಗೇ ಮಾಡಿದರೆ 733ಕ್ಕೆ ಸ್ವಲ್ಪ ಮೇಲೆ. ಅಂದರೆ ಹೊಸ ಟೈರು ಒಂದು ಸುತ್ತಿಗೆ ಸುಮಾರು ಶೇ. 10ರಷ್ಟು ಹೆಚ್ಚು ದಾರಿ ಸವೆಸುತ್ತದೆ, ಮೀಟರು ಮಾತ್ರ ಹಳೇ ಟೈರಿನ ಲೆಕ್ಕವನ್ನೇ ಹೇಳುತ್ತದೆ. ಒಂದು ಭಾನುವಾರ ಬೆಳಗ್ಗೆ ಆರಕ್ಕೆ ಕಾತ್ರಜ್ ಸುರಂಗ ದಾಟಿ ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲುಗಳನ್ನು ಎಣಿಸುತ್ತ ಹೋದೆವು. ಕಲ್ಲಿನ ಲೆಕ್ಕಕ್ಕೆ 20 ಆದಾಗ ಮೀಟರ್ 18.2 ತೋರಿಸಿತು. ಫೋನಿನ ನಕ್ಷೆಯೂ ಕಲ್ಲಿನ ಪಕ್ಷವನ್ನೇ ಹಿಡಿಯಿತು.

ಆಮೇಲೆ ಒಂದೇ ಬಂಕು, ಒಂದೇ ಪಂಪು, ಗನ್ನು ತಾನಾಗಿ ಕಟ್ಟಾಗುವವರೆಗೆ ಮಾತ್ರ ಪೆಟ್ರೋಲ್. “ಇನ್ನೊಂದು ಐವತ್ತು ರೂಪಾಯಿ ರೌಂಡ್ ಮಾಡ್ಲಾ ಸಾಹೇಬ್?” ಎಂದು ಕೇಳುವ ಹುಡುಗನಿಗೆ ಬೇಡ ಎನ್ನುವುದೇ ಈ ಪರೀಕ್ಷೆಯ ಅತಿ ಕಷ್ಟದ ಭಾಗ. ಮೊದಲ ಸುತ್ತಿನಲ್ಲಿ ಮೀಟರಿನಲ್ಲಿ 182 ಕಿ.ಮೀ., ಕುಡಿದದ್ದು 29.4 ಲೀಟರ್. ಅವನ ಲೆಕ್ಕಕ್ಕೆ 6.2. ಟೈರಿನ ತಿದ್ದುಪಡಿ ಮಾಡಿದರೆ 200 ಕಿ.ಮೀ., ಅಂದರೆ 6.8. ಕಿಸೆಯಿಂದ ಒಂದು ಪೈಸೆ ಖರ್ಚಿಲ್ಲದೆ ಅರ್ಧ ಕಿಲೋಮೀಟರಿಗೂ ಹೆಚ್ಚು ಸಿಕ್ಕಿತು. ಆದರೂ 6.8 ಒಳ್ಳೆಯ ಅಂಕಿಯಲ್ಲ.

ನಮ್ಮ ಮೇಸ್ತ್ರಿ ಇಂಡಿ ತಾಲ್ಲೂಕಿನವರು. ಮೂವತ್ತು ವರ್ಷದ ಹಿಂದೆ ಭೋಸರಿಯ ಕಾರ್ಖಾನೆಗೆ ಕೆಲಸಕ್ಕೆ ಬಂದು, ಆಮೇಲೆ ಸ್ವಂತ ಗ್ಯಾರೇಜು ಹಾಕಿದವರು. ಮರಾಠಿ, ಹಿಂದಿ, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಆಡುತ್ತಾರೆ. ಪಿಂಪ್ರಿ, ಚಿಂಚವಡ, ಭೋಸರಿಯ ಕಾರ್ಖಾನೆಗಳ ಶಿಫ್ಟಿನಲ್ಲಿ ವಿಜಯಪುರ, ಕಲಬುರಗಿಯ ಕನ್ನಡ ಎಷ್ಟು ಕೇಳಿಸುತ್ತದೆ ಎನ್ನುವುದು ಐಟಿಯ ಕನ್ನಡಿಗರಿಗೆ ಹೆಚ್ಚು ತಿಳಿದಿಲ್ಲ. ಎರಡೂ ಪುಣೆಗಳು ಒಂದನ್ನೊಂದು ಮುಟ್ಟುವುದು ಇಂಥ ಗ್ಯಾರೇಜಿನಲ್ಲೇ.

ಭಾಮೈದ ಹೋದ ಕೂಡಲೆ ಇಂಜೆಕ್ಟರ್ ಬದಲಿಸೋಣ, ಪಂಪ್ ಬದಲಿಸೋಣ ಎಂದು ಶುರು ಮಾಡಿದ. ಯೂಟ್ಯೂಬಿನ ಪ್ರಭಾವ. ಮೇಸ್ತ್ರಿ ಬೀಡಿ ಆರಿಸಿ ಹೇಳಿದರು: “ಇಂಜಿನ್ ನೋಡೂದು ಕಡೀಗ್ರಿ ಸರ್. ಮೊದ್ಲ ಗಾಲಿ ತಿರಗತಾವೋ ಇಲ್ಲೋ ನೋಡ್ರಿ.”

ಗಾಳಿ ನೋಡಿದರೆ ನಾಲ್ಕೂ ಟೈರಿನಲ್ಲಿ 18 ಪಿಎಸ್‌ಐ. ಕೆಸರಿನಲ್ಲಿ ಹಿಡಿತ ಸಿಗಲೆಂದು ಇಳಿಸಿದ್ದನ್ನು ಮತ್ತೆ ಏರಿಸಿಯೇ ಇರಲಿಲ್ಲ. ಕೆಸರಿಗೆ 18 ಸರಿ, ಡಾಂಬರಿಗೆ ಅದು ಗೋಣಿಚೀಲ ಎಳೆದ ಹಾಗೆ. 28ಕ್ಕೆ ಏರಿಸಿದರು. ಆಮೇಲೆ ಭಾಮೈದನನ್ನು ಬ್ರೇಕು ಒತ್ತದೆ ಐದಾರು ಕಿಲೋಮೀಟರ್ ಓಡಿಸಿ, ತಾನಾಗಿ ನಿಲ್ಲುವಂತೆ ನಿಲ್ಲಿಸಲು ಹೇಳಿದರು. ನಿಂತ ಮೇಲೆ ಒಂದೊಂದೇ ಗಾಲಿಯ ನಡುವಿನ ಭಾಗವನ್ನು ಅಂಗೈ ಹಿಂಭಾಗದಿಂದ ಮುಟ್ಟಿದರು, ಜ್ವರ ನೋಡುವ ಹಾಗೆ. ಮೂರು ಬೆಚ್ಚಗಿದ್ದವು. ಮುಂದಿನ ಎಡಗಾಲಿ ಕೈ ಇಡಲಾಗದಷ್ಟು ಸುಡುತ್ತಿತ್ತು. ಜಾಕ್ ಕೊಟ್ಟು ಎತ್ತಿ ಕೈಯಿಂದ ತಿರುಗಿಸಿದರೆ ಅರ್ಧ ಸುತ್ತೂ ಹೋಗದೆ ನಿಂತಿತು. ಮುಳಶಿಯ ಕೆಸರು ಬ್ರೇಕ್ ಕ್ಯಾಲಿಪರಿನ ಪಿನ್ನಿಗೆ ಹೊಕ್ಕು ತುಕ್ಕು ಹಿಡಿದು, ಕಾಲು ತೆಗೆದರೂ ಪ್ಯಾಡು ಹಿಂದೆ ಸರಿಯುತ್ತಿರಲಿಲ್ಲ. ಅಂದರೆ ನನ್ನ ಭಾಮೈದ ಎಷ್ಟೋ ವಾರದಿಂದ ಒಂದು ಗಾಲಿಗೆ ಬ್ರೇಕು ಹಾಕಿಕೊಂಡೇ ಹಿಂಜವಡಿಗೆ ಹೋಗಿಬರುತ್ತಿದ್ದ. ಗಾಡಿ ಎಡಕ್ಕೆ ಎಳೆಯುವುದನ್ನು ದೊಡ್ಡ ಟೈರಿನ ಗುಣ ಎಂದುಕೊಂಡಿದ್ದ.

ಅದರ ಜೊತೆಗೇ ಮುಂದಿನ ಗಾಲಿಗಳ ಹಬ್ ಲಾಕ್ ನೋಡಿದರು. ಅದನ್ನು ಲಾಕಿನಲ್ಲಿ ಬಿಟ್ಟರೆ ನಾಲ್ಕು ಗಾಲಿಯ ಓಟ ಬೇಡವಾದಾಗಲೂ ಮುಂದಿನ ಶಾಫ್ಟುಗಳೆಲ್ಲ ಸುಮ್ಮನೆ ಸುತ್ತುತ್ತಿರುತ್ತವೆ. ಒಂದು ಫ್ರೀ, ಇನ್ನೊಂದು ಲಾಕ್ ಆಗಿತ್ತು. ಎರಡೂ ಮುಂಗಾಲಿಗಳ ಮುಂದಿನ ಅಂತರ, ಹಿಂದಿನ ಅಂತರವನ್ನು ಟೇಪಿನಿಂದ ಅಳೆದು ಟೋ ಸರಿಮಾಡಿದರು. ಏರ್ ಫಿಲ್ಟರು ಮುಳಶಿಯ ಮಣ್ಣಿನಿಂದ ಒಂದು ಚಿಕ್ಕ ಕೃಷಿಭೂಮಿಯಾಗಿತ್ತು. ಇಷ್ಟಕ್ಕೆ ಅಂಕಿ 7.7ಕ್ಕೆ ಬಂತು.

ಇಲ್ಲಿಗೆ ಸಾಕು ಎಂದು ಭಾಮೈದನಿಗೆ ಅನ್ನಿಸಿತ್ತು. ಉಳಿದದ್ದು ಟೈರು, ಬಂಪರಿನ ಪಾಪ, ಅದನ್ನು ಅನುಭವಿಸಬೇಕು ಎಂದು ಎಲ್ಲರೂ ಒಪ್ಪಿದ್ದರು. ಆದರೆ ಮೇಸ್ತ್ರಿ ಬಿಚ್ಚಿ ತೋರಿಸಿದ ಸ್ಪಾರ್ಕ್ ಪ್ಲಗ್ಗುಗಳು ನಾಲ್ಕೂ ಕಾಡಿಗೆ ಹಚ್ಚಿದಷ್ಟು ಕಪ್ಪಗಿದ್ದವು. ಟೈರು ದೊಡ್ಡದಾದರೆ ಎಂಜಿನ್ ಹೆಚ್ಚು ದುಡಿಯುತ್ತದೆ ನಿಜ, ಆದರೆ ಪ್ಲಗ್ಗಿನ ಮೇಲೆ ಮಸಿ ಯಾಕೆ ಕೂರಬೇಕು? ಮಸಿ ಎಂದರೆ ಉರಿಯದೆ ಉಳಿದ ಪೆಟ್ರೋಲ್. ಗಾಡಿ ದುಡಿದು ತಿನ್ನುತ್ತಿರಲಿಲ್ಲ, ಚೆಲ್ಲಿ ತಿನ್ನುತ್ತಿತ್ತು.

ಈ ಪ್ರಶ್ನೆಗೆ ಉತ್ತರ ಗ್ಯಾರೇಜಿಗಿಂತ ಮೊದಲು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ವಿಮೆಯ ಕಾಗದ ಹುಡುಕುವಾಗ ಸಹಕಾರಿ ಬ್ಯಾಂಕಿನ ಹಳೇ ಡೈರಿಯೊಂದು ಕೈಗೆ ಬಂತು. ಮಾವನವರ ಅಕ್ಷರ. 2010ರ ನವೆಂಬರಿನಿಂದ ಪ್ರತಿ ಸಲ ಪೆಟ್ರೋಲ್ ಹಾಕಿಸಿದ್ದು ಒಂದೊಂದು ಸಾಲು: ತಾರೀಕು, ಮೀಟರ್, ಲೀಟರ್, ರೂಪಾಯಿ. ಎಲ್ಲ ಕನ್ನಡ ಅಂಕಿಗಳಲ್ಲಿ. ಭಾಮೈದ ಕಾನ್ವೆಂಟಿನಲ್ಲಿ ಓದಿದವನು, ಅವನಿಗೆ ೬ ಯಾವುದು ೯ ಯಾವುದು ಎಂದೇ ಹೊಳೆಯಲಿಲ್ಲ. ಅವನು ತನ್ನ ಅಪ್ಪನ ಡೈರಿಯನ್ನು ಅಷ್ಟು ಹೊತ್ತು ಹಿಡಿದುಕೊಂಡು ಕೂತಿದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ. ಆಮೇಲೆ, “ಭಾವ, ನೀವು ಓದಿ, ನಾನು ಟೈಪ್ ಮಾಡ್ತೀನಿ” ಎಂದ. ಎರಡು ರಾತ್ರಿ ಕೂತು ಎಲ್ಲವನ್ನೂ ಎಕ್ಸೆಲ್ಲಿಗೆ ಹಾಕಿದೆವು.

2011, 2012ರಲ್ಲಿ ಮಾವನ ಗಾಡಿ 11ರ ಆಸುಪಾಸು ಕೊಡುತ್ತಿತ್ತು. ಘಟ್ಟದ ರಸ್ತೆ, ತೋಟದ ಕೊರಕಲು ಎಲ್ಲ ಸೇರಿ. 2013ರ ಮೇ ತಿಂಗಳಲ್ಲಿ ಒಂದು ಸಾಲು: ‘ಚಾರ್ಮಾಡಿಯಲ್ಲಿ ಬಿಸಿ. ರೇಡಿಯೇಟರ್ ಕೆಲಸ.’ ಅದರ ಮುಂದಿನ ಸಾಲಿನಿಂದಲೇ 9. ಆಮೇಲೆ ಆರು ತಿಂಗಳು, ಒಂದು ವರ್ಷ, ಹತ್ತು ವರ್ಷ, ಅದು ಮತ್ತೆ ಹತ್ತು ಮುಟ್ಟಲೇ ಇಲ್ಲ. ಮಾವನಿಗೂ ಗುಮಾನಿ ಬಂದಿತ್ತು. ಆ ವರ್ಷದ ಮಳೆಗಾಲದ ಒಂದು ಸಾಲಿನ ಪಕ್ಕ ‘ಬಂಕಿನಲ್ಲಿ ಕಡಿಮೆ ಹಾಕುತ್ತಾರೆ?’ ಎಂದು ಬರೆದು ಪ್ರಶ್ನೆ ಚಿಹ್ನೆ ಹಾಕಿದ್ದರು. ಅದಾದ ಮೇಲೆ ಬಂಕು ಬದಲಾಯಿಸಿದ್ದಾರೆ. ಮತ್ತೆ ಬದಲಾಯಿಸಿದ್ದಾರೆ. ಪೆಟ್ರೋಲಿಗೆಂದೇ ಒಮ್ಮೊಮ್ಮೆ ಬೇಲೂರಿನವರೆಗೆ ಹೋದದ್ದು ಡೈರಿಯಲ್ಲಿದೆ. ಅತ್ತೆಗೆ ಫೋನ್ ಮಾಡಿ ಕೇಳಿದರೆ, “ಹೌದು, ಆ ಬಂಕಿನೋರ ಹತ್ರ ಜಗಳ ಆಡಿದ್ರು” ಎಂದು ನಕ್ಕರು. ಪಾಪ, ಆ ಬಂಕಿನವನು ನಿರಪರಾಧಿ.

ಡೈರಿಯ ಸಂಗತಿ ಹೇಳಿದ ಕೂಡಲೆ ಮೇಸ್ತ್ರಿ ಬಾನೆಟ್ ತೆರೆದರು. ಬೆಳಗಿನ ತಣ್ಣಗಿನ ಎಂಜಿನ್. ಸ್ಟಾರ್ಟ್ ಮಾಡಿಸಿ, ರೇಡಿಯೇಟರಿನ ಮೇಲಿನ ರಬ್ಬರ್ ಪೈಪನ್ನು ಹಿಡಿದು ನಿಂತರು. ಸರಿಯಿರುವ ಗಾಡಿಯಲ್ಲಿ ಎಂಜಿನ್ ಕಾಯುವವರೆಗೆ ಆ ಪೈಪು ತಣ್ಣಗೇ ಇರಬೇಕು, ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ನಮ್ಮದರಲ್ಲಿ ಮೊದಲ ನಿಮಿಷದಿಂದಲೇ ಉಗುರುಬೆಚ್ಚಗೆ ನೀರು ಹರಿಯತೊಡಗಿತು. “ಇದರಾಗ ಥರ್ಮೋಸ್ಟಾಟ್ ಇಲ್ಲೇ ಇಲ್ರೀ ಸರ್. ಯಾರೋ ತೆಗದ ಒಗದಾರ” ಎಂದರು. ಬಿಚ್ಚಿದರೆ ಗೂಡು ಖಾಲಿ.

ಥರ್ಮೋಸ್ಟಾಟ್ ಎಂದರೆ ಎಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಬಾಗಿಲು. ನೀರು ಸಾಕಷ್ಟು ಬಿಸಿಯಾಗುವವರೆಗೆ ಮುಚ್ಚಿರುತ್ತದೆ, ಆಮೇಲೆ ಒಳಗಿನ ಮೇಣ ಹಿಗ್ಗಿ ತೆರೆಯುತ್ತದೆ. ರೇಡಿಯೇಟರು ಕಟ್ಟಿಕೊಂಡು ಗಾಡಿ ಘಟ್ಟದಲ್ಲಿ ಕುದಿದಾಗ ಕೆಲವು ಗ್ಯಾರೇಜುಗಳು ಸುಲಭದ ದಾರಿ ಹಿಡಿಯುತ್ತವೆ: ಬಾಗಿಲನ್ನೇ ಕಿತ್ತುಬಿಡುವುದು. ‘ನಮ್ಮ ಬಿಸಿ ದೇಶಕ್ಕೆ ಅದು ಬೇಡ’ ಎಂಬ ಮಾತು ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಕೇಳಿಸುತ್ತದೆ. ಗಾಡಿ ಕುದಿಯುವುದು ನಿಲ್ಲುತ್ತದೆ, ಮಾಲೀಕ ಖುಷಿಯಾಗುತ್ತಾನೆ. ಆದರೆ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ, ಅದರಲ್ಲೂ ಮಲೆನಾಡಿನ ಮಳೆಯಲ್ಲಿ, ಪುಣೆಯ ಜುಲೈಯಲ್ಲಿ. ನೀರಿನ ಬಿಸಿ ನೋಡಿಕೊಂಡು ಪೆಟ್ರೋಲ್ ಬಿಡುವ ಕಂಪ್ಯೂಟರಿಗೆ, ಇದು ಈಗಷ್ಟೇ ಎದ್ದ ತಣ್ಣನೆಯ ಎಂಜಿನ್ ಎಂದೇ ಅನ್ನಿಸುತ್ತಿರುತ್ತದೆ. ಅದು ಧಾರಾಳವಾಗಿ ಸುರಿಯುತ್ತದೆ. ಹಳೇ ಗಾಡಿಗಳಲ್ಲಿ ಚಳಿಗೆ ಚೋಕ್ ಎಳೆಯುತ್ತಿದ್ದೆವಲ್ಲ, ಆ ಚೋಕನ್ನು ಅರ್ಧ ಎಳೆದು 12 ವರ್ಷ ಓಡಿಸಿದ ಹಾಗೆ.

ಟೆಂಪರೇಚರ್ ಮುಳ್ಳು ಇಷ್ಟು ದಿನ ಕಾಲುಭಾಗಕ್ಕಿಂತ ಮೇಲೇರದೆ ಇದನ್ನೇ ಹೇಳುತ್ತಿತ್ತು. ಮುಳ್ಳು ಕೆಂಪಿಗೆ ಹೋದರೆ ಎಲ್ಲರೂ ಹೆದರುತ್ತಾರೆ, ಕೆಳಗೇ ಮಲಗಿದ್ದರೆ ಯಾರೂ ಕೇಳುವುದಿಲ್ಲ.

ಮರುದಿನ ನಾನಾ ಪೇಠಿಗೆ ಹೋದೆ. ಪುಣೆಯ ಬಿಡಿಭಾಗಗಳ ಪೇಟೆ ಅದು. ಒಂದು ಗಲ್ಲಿಯಲ್ಲಿ ಬರೀ ಹಾರ್ನು, ಇನ್ನೊಂದರಲ್ಲಿ ಬರೀ ಸೀಟ್ ಕವರು, ಮೇಲೆ ಪೇಶ್ವೆ ಕಾಲದ್ದೇನೋ ಎನ್ನಿಸುವ ಮರದ ಬಾಲ್ಕನಿಗಳು. ಹಳೇ ಮಾಲು ಬೇಕಿದ್ದವರು ಬುಧವಾರ, ಭಾನುವಾರ ಸೇರುವ ಜುನಾ ಬಜಾರಿಗೆ ಹೋಗುತ್ತಾರೆ. ಅಲ್ಲಿ ಗಾಡಿಯ ಗೇರಿನಿಂದ ಗ್ರಾಮಾಫೋನಿನವರೆಗೆ ಎಲ್ಲವೂ ನೆಲದ ಮೇಲೆ. ನಾನು ಅಂಗಡಿಯಲ್ಲೇ ಹೊಸದು ಕೊಂಡೆ. ಲಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಮೇಲೆ 82 ಎಂದು ಒತ್ತಿದ ಅಂಕಿ.

ಅದನ್ನು ಹಾಕುವ ಮೊದಲು ಪರೀಕ್ಷೆ ಮಾಡಬೇಕು ಎಂದು ಮೇಸ್ತ್ರಿ ಹೇಳಿದ್ದರು. ಹೊಸದರಲ್ಲೂ ಕೆಟ್ಟದ್ದು ಇರುತ್ತದೆ. ಮನೆಯಲ್ಲಿ ಹಾಲು ಕಾಯಿಸುವ ಪಾತ್ರೆ ಕೊಡಲು ನನ್ನವಳು ಒಪ್ಪಲಿಲ್ಲ, ಹಳೇ ಸಾರಿನ ಬೋಗುಣಿ ಕೊಟ್ಟಳು. ದಾರ ಕಟ್ಟಿ, ತಳ ಮುಟ್ಟದ ಹಾಗೆ ನೀರಿನಲ್ಲಿ ಇಳಿಬಿಟ್ಟು, ಅಡುಗೆಯ ಥರ್ಮಾಮೀಟರ್ ಹಿಡಿದು ನಿಂತೆವು. 70ರಲ್ಲಿ ಏನಿಲ್ಲ. 80ರಲ್ಲೂ ಇಲ್ಲ. 83ರ ಹತ್ತಿರ ಕೆಳಗಿನ ತಟ್ಟೆ ಕೂದಲೆಳೆಯಷ್ಟು ಸರಿಯಿತು, ನೀರು ಕುದಿ ಬರುವಷ್ಟರಲ್ಲಿ ಪೂರ್ತಿ ಬಾಯಿ ಬಿಟ್ಟಿತ್ತು. ಒಲೆ ಆರಿಸಿದ ಮೇಲೆ ನಿಧಾನಕ್ಕೆ ಮುಚ್ಚಿಕೊಂಡಿತು. ವಾಟ್ಸಾಪಿನಲ್ಲಿ ಅತ್ತೆಗೆ ವಿಡಿಯೋ ಕಳಿಸಿದೆವು. “ಇದಕ್ಕಾ ಅವರು ಬೇಲೂರಿಗೆ ಹೋಗ್ತಿದ್ದದ್ದು?” ಎಂದು ಬರೆದರು.

ರೇಡಿಯೇಟರನ್ನೂ ಶುಚಿ ಮಾಡಿಸಿದೆವು, ಇಲ್ಲದಿದ್ದರೆ ಬಾಗಿಲು ಹಾಕಿದ ಮೇಲೆ ಮತ್ತೆ ಕುದಿಯುತ್ತದೆ. ಪ್ಲಗ್ಗು ಹೊಸವು. ಊರೊಳಗಿನ ಮುಂದಿನ ಎರಡು ಟ್ಯಾಂಕಿನ ಸರಾಸರಿ 9.2.

ಗೌರಿ ಹಬ್ಬಕ್ಕೆ ಊರಿಗೆ ಹೊರಟಾಗ ವಾರಜೆಯಲ್ಲಿ ಟ್ಯಾಂಕು ತುಂಬಿಸಿದೆವು. ಈ ರಸ್ತೆ ಪುಣೆ ಕನ್ನಡಿಗರಿಗೆ ಅಂಗೈ ರೇಖೆಯಿದ್ದಂತೆ: ಕಾತ್ರಜ್, ಖಂಬಾಟಕಿ, ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ. ಮೈಲೇಜಿನ ಲೆಕ್ಕಕ್ಕೆ ಖಂಬಾಟಕಿ ಒಂದು ತಮಾಷೆ. ಆಗ ಪುಣೆಯಿಂದ ಹೋಗುವಾಗ ಘಾಟಿ ಹತ್ತಬೇಕಿತ್ತು, ಬರುವಾಗ ಸುರಂಗದಲ್ಲಿ ನುಸುಳಬಹುದಿತ್ತು. ಹಾಗಾಗಿ ಒಂದೇ ರಸ್ತೆ, ಎರಡು ಅಂಕಿ. ಮೊದಲಿನ 6.8ರ ಲೆಕ್ಕದಲ್ಲಿ 40 ಲೀಟರಿಗೆ ನಿಪ್ಪಾಣಿ ಮುಟ್ಟುವುದು ಉಸಿರು ಬಿಗಿ ಹಿಡಿಯುವ ಸಂಗತಿ. ಈ ಸಲ 75-80ರ ಮೇಲೆ ಹೋಗದೆ, ಮಳೆಯಲ್ಲಿ ಬಟ್ಟೆಯ ಹುಡ್ಡು ಪಟಪಟ ಬಡಿಯುತ್ತಿರಲು, ಗಡಿ ದಾಟಿ ಮೊದಲ ಬಂಕಿನಲ್ಲಿ ನಿಲ್ಲಿಸಿದೆವು. 262 ಕಿ.ಮೀ., 24.3 ಲೀಟರ್. 10.8. ಬಂಕಿನ ಹುಡುಗ “ಎಷ್ಟ್ ಹಾಕ್ಲಿ ಸರ್” ಎಂದು ಕನ್ನಡದಲ್ಲಿ ಕೇಳಿದ್ದಕ್ಕೆ ಸಿಗುವ ಖುಷಿಯನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಕರಾಡಿನಿಂದ ನಿಪ್ಪಾಣಿಯವರೆಗೆ ಎರಡೂ ಕಡೆ ಕಬ್ಬು. ಇದಕ್ಕೂ ನಮ್ಮ ಟ್ಯಾಂಕಿಗೂ ಈಗ ನೇರ ಸಂಬಂಧ. ಬಂಕಿನ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್, ಅದರಲ್ಲಿ ಒಂದು ಪಾಲು ಕಬ್ಬಿನಿಂದ. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿ. ನೀತಿ ಆಯೋಗದ 2021ರ ವರದಿಯೇ, ಎಥೆನಾಲಿಗೆಂದು ರೂಪಿಸದ ಹಳೇ ನಾಲ್ಕು ಚಕ್ರದ ಗಾಡಿಗಳಲ್ಲಿ ಶೇ. 6-7ರಷ್ಟು ಮೈಲೇಜು ಇಳಿಯಬಹುದು ಎಂದು ಹೇಳಿತ್ತು. ಮಾವನ 11ಕ್ಕೂ ನಮ್ಮ 10.8ಕ್ಕೂ ಹೋಲಿಸುವಾಗ ಇದನ್ನು ನೆನಪಿಡಬೇಕು. ಅವರ ಕಾಲದ ಪೆಟ್ರೋಲು ಬೇರೆ. ಹಳೇ ಗಾಡಿಯಿದ್ದವರು ಮೈಲೇಜಿಗಿಂತ ಹೆಚ್ಚಾಗಿ ರಬ್ಬರಿನ ಪೆಟ್ರೋಲ್ ಪೈಪುಗಳನ್ನು ನೋಡಿಕೊಳ್ಳುವುದು ಒಳ್ಳೆಯದು. ಎಥೆನಾಲಿಗೆ ಹಳೇ ರಬ್ಬರು ಆಗಿಬರುವುದಿಲ್ಲ. ನಮ್ಮದರಲ್ಲಿ ಎರಡು ಕಡೆ ಬಿರುಕು ಬಿಟ್ಟಿತ್ತು, ಬದಲಿಸಿದೆವು.

ಬರುವಾಗ ಕ್ಯಾರಿಯರನ್ನು ಬಿಚ್ಚಿ ಮೂಡಿಗೆರೆಯ ಅಟ್ಟದ ಮೇಲೆ ಇಟ್ಟು ಬಂದೆವು. ನಿಪ್ಪಾಣಿಯಿಂದ ವಾರಜೆಗೆ 22.8 ಲೀಟರ್, 11.5. ಇದರಲ್ಲಿ ಕ್ಯಾರಿಯರಿನ ಪಾಲೆಷ್ಟು, ಸುರಂಗದ ಪಾಲೆಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ. ಲೆಕ್ಕ ಪರಿಶೋಧಕನಾಗಿ ಅಷ್ಟು ಷರಾ ಬರೆಯಲೇಬೇಕು.

ಟೈರು, ಲಿಫ್ಟಿನ ವಿಷಯದಲ್ಲಿ ಭಾಮೈದನಿಗೂ ನನಗೂ ಒಂದು ವಾರ ವಾದ ನಡೆಯಿತು. ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ನೋಂದಣಿ ನವೀಕರಣಕ್ಕೆ ಗಾಡಿ ನಿಲ್ಲಿಸುವಾಗ ಇದು ಎದುರು ಬರುತ್ತದೆ. ಪಾಸಿಂಗಿಗೆ ಹಳೇ ಟೈರು ಹಾಕಿ, ಆಮೇಲೆ ಮತ್ತೆ ದೊಡ್ಡದು ಹಾಕುವ ರೂಢಿ ಪುಣೆಯಲ್ಲಿ ಇದೆ. ನನಗೆ ಅದು ಸರಿ ಕಾಣಲಿಲ್ಲ. ಕಾನೂನಿನ ಮಾತು ಹಾಗಿರಲಿ, ಮುಳಶಿಯ ಕೆಸರಿಗೂ ಮಾವನ ತೋಟದ ಕೆಸರಿಗೂ ಅಂಥ ವ್ಯತ್ಯಾಸವಿಲ್ಲ. ಅವರು 205ರಲ್ಲೇ 13 ವರ್ಷ ಓಡಿಸಿದ್ದರು, ಆಗಸ್ಟಿನಲ್ಲೂ. ಕೊನೆಗೆ ಮಡ್ ಟೈರುಗಳನ್ನು ಅವನ ಗೆಳೆಯನೊಬ್ಬ ಕೊಂಡ. ಲಿಫ್ಟು ಇಳಿಯಿತು. ಕಬ್ಬಿಣದ ಬಂಪರು ಮೇಸ್ತ್ರಿಯ ಗ್ಯಾರೇಜಿನ ಮುಂದೆ ಬೆಂಚಿನ ಕಾಲಾಗಿದೆ.

ಹಬ್ಬಕ್ಕೆ ಹೋದಾಗಲೇ ಚಿಕ್ಕಮಗಳೂರಿನಲ್ಲಿ ಫಾರ್ಮ್ 28 ಕೊಟ್ಟು ಎನ್‌ಒಸಿಗೆ ಅರ್ಜಿ ಹಾಕಿ ಬಂದೆವು. ವಾಕಡಿನ ವಿಳಾಸಕ್ಕೆ ಪಿಂಪ್ರಿ-ಚಿಂಚವಡದ ಎಂಎಚ್-14 ಬರುತ್ತದೆ. ಅತ್ತೆಗೆ ಇದು ಅಷ್ಟು ಸಮಾಧಾನ ತಂದಿಲ್ಲ. ಕೆಎ-18 ಹೋದ ಮೇಲೆ ಗಾಡಿ ಊರಿನ ತಿರುವಿಗೆ ಬಂದರೆ ಗೇಟಿನವರಿಗೆ ಗುರುತು ಸಿಗುವುದು ಹೇಗೆ ಎಂದು ಕೇಳಿದರು. ಎರಡನೇ ಗೇರಿನಲ್ಲಿ ಅದು ಮಾಡುವ ಶಬ್ದ ಹಾಗೇ ಇದೆ, ಅದರಿಂದ ಗೊತ್ತಾಗುತ್ತದೆ ಎಂದು ಭಾಮೈದ ಹೇಳಿದ. ಆ ಶಬ್ದವನ್ನು ಮೇಸ್ತ್ರಿ ಇನ್ನೂ ನೋಡಿಲ್ಲ.